ಬಿಡುಗಡೆಗೆ ಮುಂಚೆಯೇ ಬೈಗುಳ ಬಂದರೆ ಗೇಮ್ ಮಾಡುವವರು ಏನು ಮಾಡಬೇಕು?

ಪ್ರಶ್ನೆ: ನಾವು ಕೋಲಾರದ ನಾಲ್ವರು ಗೆಳೆಯರು. ಕೆಜಿಎಫ್‌ನ ಚಿನ್ನದ ಗಣಿಯೊಳಗೆ ನಡೆಯುವ ಕಂಪ್ಯೂಟರ್ ಗೇಮ್ ಒಂದನ್ನು ಯೂನಿಟಿ ಎಂಬ ಎಂಜಿನ್‌ನಲ್ಲಿ (ಗೇಮ್ ಕಟ್ಟುವ ತಂತ್ರಾಂಶ) ಮಾಡುತ್ತಿದ್ದೇವೆ. ಇನ್ನು ಎಂಟು ವಾರಕ್ಕೆ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಬಿಡುಗಡೆ. ಟ್ರೇಲರ್ ಮತ್ತು ಡೆಮೊ (ಆಡಿ ನೋಡಲು ಕೊಡುವ ಗೇಮ್‌ನ ತುಣುಕು) ಬಿಟ್ಟ ಮೇಲೆ ಬೈಗುಳ ನಿಂತಿಲ್ಲ. "ಕತ್ತಲು ಬಿಟ್ರೆ ಏನೂ ಕಾಣಲ್ಲ", "ಮಧ್ಯೆ ಮಧ್ಯೆ ಹಿಡ್ಕೊಂಡ್ ಹಿಡ್ಕೊಂಡ್ ಓಡುತ್ತೆ", "ಕೊಂಡ್ಕೊಂಡಿರೋ ಮಾಡೆಲ್ ಜೋಡ್ಸಿದಾರೆ", "ಕನ್ನಡ ಅಕ್ಷರವೇ ಒಡೆದಿದೆ", "ಗಣೀಲಿ ಯಾರೂ ಹೀಗೆ ಮಾತಾಡ್ತಿರಲಿಲ್ಲ". ಒಬ್ಬ ಯೂಟ್ಯೂಬರ್ ಇದನ್ನೆಲ್ಲ ಸೇರಿಸಿ ದೊಡ್ಡ ವಿಡಿಯೊ ಮಾಡಿದ್ದಾರೆ. ನಮ್ಮಲ್ಲೊಬ್ಬ ಸಿಟ್ಟಿನಲ್ಲಿ ಕೊಟ್ಟ ಉತ್ತರದ ಸ್ಕ್ರೀನ್‌ಶಾಟ್ ಎಲ್ಲ ಕಡೆ ಓಡಾಡುತ್ತಿದೆ. ಕಾಮೆಂಟ್ ಮುಚ್ಚಿಬಿಡಬೇಕೆ? ಎಲ್ಲರಿಗೂ ಉತ್ತರ ಕೊಡಬೇಕೆ? ಬಿಡುಗಡೆ ಮುಂದಕ್ಕೆ ಹಾಕಬೇಕೆ?

ಉತ್ತರ: ಕಾಮೆಂಟ್ ಮುಚ್ಚಬೇಡಿ. ಎಲ್ಲರಿಗೂ ಉತ್ತರ ಕೊಡಬೇಡಿ. ಮುಂದೂಡುವ ತೀರ್ಮಾನವನ್ನು ಈ ವಾರ ತೆಗೆದುಕೊಳ್ಳಬೇಡಿ. ಅದಕ್ಕೆ ಬೇಕಾದ ದೂರುಗಳ ಪಟ್ಟಿ ನಿಮ್ಮ ಕೈಯಲ್ಲಿ ಇನ್ನೂ ಇಲ್ಲ.

ಬಿಡುಗಡೆಗೆ ಮುಂಚೆ ಜನರ ಹತ್ತಿರ ಇರುವುದು ನೀವು ಕೊಟ್ಟ ಮಾತು ಮಾತ್ರ. ಟ್ರೇಲರ್, ಸ್ಟೋರ್ ಪುಟದ ಚಿತ್ರಗಳು, ವಿವರಣೆ, ಡೆಮೊ ಎಲ್ಲ ಸೇರಿ ಆ ಮಾತು ಆಗಿದೆ. ಈ ಹಂತದ ಟೀಕೆಯಲ್ಲಿ ಬಹುಪಾಲು ಅದರ ಮೇಲೇ ಬೀಳುತ್ತದೆ. ಹಾಗಾಗಿ ಕೆಲಸದ ಸರದಿ ಹೀಗಿರಬೇಕು: ಮೊದಲು ಕೊಟ್ಟ ಮಾತನ್ನು ಸರಿಪಡಿಸಿ, ಆಮೇಲೆ ಗೇಮ್ ಸರಿಪಡಿಸಿ, ಕೊನೆಗೆ ಉತ್ತರ ಬರೆಯಿರಿ. ಸಣ್ಣ ತಂಡಗಳು ಇದನ್ನು ತಿರುಗುಮುರುಗು ಮಾಡಿಯೇ ಪೆಟ್ಟು ತಿನ್ನುತ್ತವೆ. ರಾತ್ರಿಯೆಲ್ಲ ಕೂತು ಉತ್ತರ ಬರೆದು, ಉತ್ತರದಲ್ಲಿ ಹೊಸ ಹೊಸ ಭರವಸೆ ಕೊಟ್ಟು, ಆ ಭರವಸೆ ಉಳಿಸಿಕೊಳ್ಳಲು ಹೋಗಿ ಇರುವ ಗೇಮ್ ಕೆಡಿಸಿಕೊಳ್ಳುತ್ತವೆ.

ಮೊದಲ ಎರಡು ದಿನ

ಸಿಟ್ಟಿನ ಉತ್ತರವನ್ನು ಗುಟ್ಟಾಗಿ ಅಳಿಸಬೇಡಿ. ಅಳಿಸಿದ ಗಳಿಗೆಯಿಂದ ಸ್ಕ್ರೀನ್‌ಶಾಟ್‌ಗೆ ಬೆಲೆ ಏರುತ್ತದೆ. ಅದರ ಕೆಳಗೇ ತಂಡದ ಖಾತೆಯಿಂದ ನಾಲ್ಕು ಸಾಲು ಹಾಕಿ: "ಮೇಲಿನ ಉತ್ತರ ನಮ್ಮ ತಂಡದವರೇ ಬರೆದದ್ದು. ಹಾಗೆ ಮಾತಾಡಬಾರದಿತ್ತು, ಕ್ಷಮಿಸಿ. ನೀವು ಹೇಳಿದ ತೊಂದರೆ ಡೆಮೊದಲ್ಲಿ ಇದೆ. ಸರಿಹೋದ ದಿನ ಇಲ್ಲೇ ತಿಳಿಸುತ್ತೇವೆ." ನಿದ್ದೆ ಇರಲಿಲ್ಲ, ಮೂರು ವರ್ಷದ ಶ್ರಮ, ನಾವು ಸಣ್ಣ ಊರಿನವರು ಎಂಬ ಸಮಜಾಯಿಷಿ ಯಾವುದೂ ಬೇಡ. ಕ್ಷಮೆಯ ಪಕ್ಕದಲ್ಲಿ ಕಾರಣ ಬಂದರೆ ಓದುವವರಿಗೆ ಕಾರಣ ಮಾತ್ರ ಕಾಣುತ್ತದೆ. ಬರೆದವನ ಹೆಸರನ್ನೂ ಹೇಳಬೇಡಿ. ತಪ್ಪು ತಂಡದ್ದು ಎಂದೇ ಇರಲಿ.

ಆ ದಿನವೇ ಇನ್ನೊಂದು ಏರ್ಪಾಡು ಮಾಡಿಕೊಳ್ಳಿ. ಹೊರಗೆ ಮಾತಾಡುವವರು ಒಬ್ಬರೇ. ಯೂಟ್ಯೂಬ್, ಇನ್‌ಸ್ಟಾಗ್ರಾಂ, ಸ್ಟೀಮ್ ಚರ್ಚೆಯ ಪಾಸ್‌ವರ್ಡ್ ಅವರ ಬಳಿ ಮಾತ್ರ ಇರಲಿ. ಉಳಿದ ಮೂವರು ಸ್ವಂತ ಖಾತೆಯಿಂದಲೂ ಗೇಮ್ ಬಗ್ಗೆ ವಾದಕ್ಕಿಳಿಯುವಂತಿಲ್ಲ. ಆ ಒಬ್ಬರು ಕಾಮೆಂಟ್ ಓದುವುದು ದಿನಕ್ಕೆ ಎರಡು ಸಲ, ಸಲಕ್ಕೆ ಅರ್ಧ ಗಂಟೆ. ಚಿತ್ರ ಬರೆಯುವವರು ಮತ್ತು ಕೋಡ್ ಬರೆಯುವವರು ಹಸಿ ಕಾಮೆಂಟ್ ಓದಲೇಬಾರದು. ಅವರಿಗೆ ಸಂಜೆ ಪಟ್ಟಿ ಸಿಗುತ್ತದೆ, ಅಷ್ಟು ಸಾಕು. ಕೋಲಾರದಂಥ ಊರಿನಲ್ಲಿ ಟೀ ಅಂಗಡಿಯಲ್ಲಿ ಸಿಕ್ಕವರು ಅಪ್ಪನನ್ನೇ ನಿಲ್ಲಿಸಿ "ನಿಮ್ ಹುಡುಗನ್ನ ಯೂಟ್ಯೂಬಲ್ಲಿ ಬೈತಾವ್ರಂತಲ್ಲ" ಎನ್ನುತ್ತಾರೆ. ಹಾಗಾಗಿ ಮನೆಯವರಿಗೆ ನೀವೇ ಮುಂಚಿತವಾಗಿ ವಿಷಯ ಹೇಳಿಬಿಡಿ. ಮನೆಯ ಒತ್ತಡ ಕಡಿಮೆಯಾದರೆ ಉತ್ತರದಲ್ಲಿ ಸಿಟ್ಟೂ ಕಡಿಮೆಯಾಗುತ್ತದೆ.

ಏನನ್ನು ಅಳಿಸಬಹುದು? ತಾಯಿ, ತಂಗಿಯರ ಹೆಸರೆತ್ತಿ ಬೈದದ್ದು, ಜಾತಿ ಅಥವಾ ಭಾಷೆ ಹಿಡಿದು ಹೀಯಾಳಿಸಿದ್ದು, ಫೋನ್ ನಂಬರು ವಿಳಾಸ ಹಾಕಿದ್ದು. ಅಷ್ಟೇ. "ದರಿದ್ರ ಗೇಮು", "ದುಡ್ಡು ದಂಡ" ಎಂದದ್ದು ಹಾಗೇ ಇರಲಿ. ಯೂಟ್ಯೂಬ್ ಸೆಟ್ಟಿಂಗ್‌ನಲ್ಲಿ ತಡೆಯಬೇಕಾದ ಪದಗಳ ಪಟ್ಟಿ ಹಾಕುವ ಜಾಗವಿದೆ. ಆ ಪದವಿರುವ ಕಾಮೆಂಟ್ ನಿಮ್ಮ ಒಪ್ಪಿಗೆಯಿಲ್ಲದೆ ಕಾಣಿಸುವುದಿಲ್ಲ. ನಿಮ್ಮ ಕಡೆ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕರಲ್ಲೂ ಬೈಗುಳ ಬರುತ್ತದೆ, ಅದೂ ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ. ಆದ್ದರಿಂದ ಪ್ರತಿ ಪದಕ್ಕೂ ಮೂರು ನಾಲ್ಕು ಕಾಗುಣಿತ ಸೇರಿಸಿ. ಕೊಲ್ಲುತ್ತೇನೆ, ಮನೆಗೆ ಬರುತ್ತೇನೆ ಎಂಬ ಬೆದರಿಕೆ ಬಂದರೆ ಅಳಿಸುವ ಮುನ್ನ ಕೊಂಡಿ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಸೈಬರ್ ಅಪರಾಧದ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಅದರ ಬಗ್ಗೆ ಹೊರಗೆ ಪೋಸ್ಟ್ ಹಾಕಬೇಡಿ.

ಪಟ್ಟಿ

ಒಂದು ಸಾದಾ ಎಕ್ಸೆಲ್ ಹಾಳೆ ಸಾಕು. ದಿನಾಂಕ, ಎಲ್ಲಿ ಬಂತು, ಅವರದೇ ಮಾತಿನಲ್ಲಿ ದೂರು, ಗೇಮ್‌ನ ಯಾವ ಜಾಗದಲ್ಲಿ, ಯಾವ ಕಂಪ್ಯೂಟರ್, ಡೆಮೊ ಆಡಿದ್ದಾರೋ ಟ್ರೇಲರ್ ಮಾತ್ರ ನೋಡಿದ್ದಾರೋ, ನಮ್ಮ ತೀರ್ಮಾನ. "ಅವರದೇ ಮಾತಿನಲ್ಲಿ" ಎಂಬುದನ್ನು ಬಿಡಬೇಡಿ. ನಿಮ್ಮ ಮಾತಿಗೆ ಇಳಿಸಿದ ಕೂಡಲೇ ದೂರು ಮೆತ್ತಗಾಗಿಬಿಡುತ್ತದೆ.

ಎಣಿಸಬೇಕಾದದ್ದು ಜನರನ್ನು. ಒಬ್ಬರೇ ಮೂವತ್ತು ಕಡೆ ಬರೆದಿದ್ದರೂ ಅದು ಒಂದು. ಯೂಟ್ಯೂಬರ್ ವಿಡಿಯೊ ಬಂದ ಮೇಲೆ ಅದರ ಮಾತನ್ನೇ ತಿರುಗಿಸಿ ಬರೆದವರನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಅವರು ಆಡಿ ನೋಡಿದ್ದಾರೆಯೇ ಎಂಬುದು ಗೊತ್ತಾಗುವುದಿಲ್ಲ. ಡೆಮೊ ಆಡಿ ನಿಖರವಾಗಿ "ಎರಡನೇ ಲಿಫ್ಟ್ ಇಳಿದ ಕೂಡಲೇ ನಿಂತು ಹೋಯಿತು" ಎಂದು ಬರೆದ ಒಬ್ಬರ ಸಾಲು, ಟ್ರೇಲರ್ ನೋಡಿ "ಚೆನ್ನಾಗಿಲ್ಲ" ಎಂದ ನೂರು ಜನಕ್ಕಿಂತ ನಿಮ್ಮ ಕೆಲಸಕ್ಕೆ ಹೆಚ್ಚು ಉಪಯೋಗ. ಆದರೆ ಆ ನೂರು ಜನವೂ ಒಂದು ವಿಷಯ ಹೇಳುತ್ತಿದ್ದಾರೆ: ಟ್ರೇಲರ್ ಕೆಲಸ ಮಾಡುತ್ತಿಲ್ಲ.

ಆಡುವವರು ಎಲ್ಲಿ ತೊಂದರೆ ಎಂಬುದನ್ನು ಸಾಮಾನ್ಯವಾಗಿ ಸರಿಯಾಗಿಯೇ ತೋರಿಸುತ್ತಾರೆ. ಹೇಗೆ ಸರಿಮಾಡಬೇಕು ಎಂಬ ಅವರ ಸಲಹೆ ಬಹಳ ಸಲ ತಪ್ಪಿರುತ್ತದೆ. ಅದಕ್ಕೇ ದೂರನ್ನು ನಂಬಿ, ಸಲಹೆಯನ್ನು ಪರೀಕ್ಷಿಸಿ. ಪರೀಕ್ಷಿಸಲು ಗೇಮ್ ನೋಡಿಯೇ ಇರದ ಐದಾರು ಜನ ಬೇಕು. ಕಾಲೇಜಿನ ಲ್ಯಾಬೋ ಪರಿಚಯದ ಸೈಬರ್ ಸೆಂಟರೋ ಸಾಕು. ಓಬಿಎಸ್ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಪರದೆ ರೆಕಾರ್ಡ್ ಆಗಲಿ. ನೀವು ಹಿಂದೆ ಕೂತು ಬಾಯಿ ಬಿಡದೆ ನೋಡಬೇಕು. "ಅಲ್ಲಿ ಎಡಕ್ಕೆ ಹೋಗಿ" ಎಂದಿರೋ ಆ ಪರೀಕ್ಷೆ ಕೆಟ್ಟಿತು.

ಇನ್ನು ನಿಮಗೆ ಬಂದ ಐದು ದೂರುಗಳನ್ನು ಒಂದೊಂದಾಗಿ ನೋಡೋಣ. ಐದಕ್ಕೂ ಬೇರೆ ಬೇರೆ ಕಾರಣ.

"ಕತ್ತಲು ಬಿಟ್ರೆ ಏನೂ ಕಾಣಲ್ಲ"

ಇದನ್ನು ಓದಿ ಲಾಂದ್ರದ ಬೆಳಕು ಹೆಚ್ಚಿಸಿದರೆ ಗಣಿಯ ವಾತಾವರಣವೇ ಹೋಗುತ್ತದೆ. ನೀವು ಬೆಳಕು ಕೂರಿಸಿದ್ದು ಒಳ್ಳೆಯ ಮಾನಿಟರ್ ಮೇಲೆ, ಕೋಣೆಯ ದೀಪ ಆರಿಸಿಕೊಂಡು. ಆಡುವವರು ನೋಡುತ್ತಿರುವುದು ಅಗ್ಗದ ಲ್ಯಾಪ್‌ಟಾಪ್ ಪರದೆಯಲ್ಲಿ, ಹಗಲು ಬೆಳಕಿನಲ್ಲಿ. ಅಂಥ ಪರದೆಯಲ್ಲಿ ಕಡುಗಪ್ಪು ಮತ್ತು ಅರೆಗಪ್ಪಿನ ವ್ಯತ್ಯಾಸವೇ ಕಾಣದು, ಕೋನ ಸ್ವಲ್ಪ ಬದಲಾದರೆ ಇನ್ನೂ ಕಡಿಮೆ. ಮೊದಲ ಸಲ ಗೇಮ್ ತೆರೆದಾಗಲೇ ಹೊಳಪು ಹೊಂದಿಸುವ ಪರದೆ ತನ್ನಿ: ಎಡದ ಗುರುತು ಕಾಣಬಾರದು, ನಡುವಿನದು ಮಬ್ಬಾಗಿ ಕಾಣಬೇಕು, ಬಲದ್ದು ಸ್ಪಷ್ಟವಾಗಿ ಕಾಣಬೇಕು. ಅದು ಬೆಳಕಿನ ಬಲವನ್ನು ಬದಲಿಸಬಾರದು, ಗಾಮಾ (ಪರದೆಯಲ್ಲಿ ಅರೆಗತ್ತಲು ಎಷ್ಟು ತಿಳಿಯಾಗಿ ಕಾಣಬೇಕೆಂಬ ಹೊಂದಿಕೆ) ಮಾತ್ರ ಬದಲಿಸಬೇಕು. ದಾರಿಯ ಅಂಚು, ಮೆಟ್ಟಿಲು, ಹಿಡಿಕೆಗಳಿಗೆ ಹಿಂಬದಿಯಿಂದ ತೆಳುವಾದ ಬೆಳಕಿನ ಗೆರೆ ಕೊಡಿ. ಕಣ್ಣಿಗೆ ಆಕಾರ ಸಿಕ್ಕರೆ ಕತ್ತಲು ಕಿರಿಕಿರಿ ಮಾಡುವುದಿಲ್ಲ.

ಟ್ರೇಲರ್ ವಿಷಯ ಬೇರೆ. ಯೂಟ್ಯೂಬ್ ವಿಡಿಯೊವನ್ನು ಕುಗ್ಗಿಸುವಾಗ ಕತ್ತಲ ಭಾಗವನ್ನೇ ಮೊದಲು ಬಲಿ ಕೊಡುತ್ತದೆ. ಕಪ್ಪು ಬಣ್ಣ ಚೌಕ ಚೌಕವಾಗಿ ಒಡೆಯುತ್ತದೆ. 1080 ಪಿಕ್ಸೆಲ್ ಎತ್ತರದಲ್ಲಿ ತಯಾರಾದ ವಿಡಿಯೊವನ್ನೂ 1440ಕ್ಕೆ ಹಿಗ್ಗಿಸಿ ಏರಿಸಿ. ಆ ಅಳತೆಗೆ ಯೂಟ್ಯೂಬ್ ಉತ್ತಮ ಕೊಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ಮತ್ತು ಹೆಚ್ಚು ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ದತ್ತಾಂಶ) ಕೊಡುತ್ತದೆ. ಮೊದಲ ಹತ್ತು ಸೆಕೆಂಡಿನಲ್ಲಿ ಹೊಗೆ, ದೂಳು, ಕಡುಗತ್ತಲು ಮೂರೂ ಒಟ್ಟಿಗೆ ಇರುವ ದೃಶ್ಯ ಬೇಡ.

"ಹಿಡ್ಕೊಂಡ್ ಹಿಡ್ಕೊಂಡ್ ಓಡುತ್ತೆ"

ಸೆಕೆಂಡಿಗೆ ಎಷ್ಟು ಫ್ರೇಮ್ (ಪರದೆಯ ಚಿತ್ರ) ಮೂಡುತ್ತವೆ ಎಂಬ ಸರಾಸರಿ ಎಣಿಕೆ ತೋರಿಸಿ "ನಮ್ಮಲ್ಲಿ 60 ಬರುತ್ತಿದೆ" ಎಂದು ವಾದಿಸಬೇಡಿ. 60 ಫ್ರೇಮ್ ಎಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡು. ನಡುವೆ ಒಂದೇ ಒಂದು ಫ್ರೇಮ್ 150 ಮಿಲಿಸೆಕೆಂಡು ತೆಗೆದುಕೊಂಡರೂ ಸರಾಸರಿ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಕಣ್ಣಿಗೆ ಮಾತ್ರ ಒದ್ದಂತೆ ಕಾಣುತ್ತದೆ. ಯೂನಿಟಿಯ ಪ್ರೊಫೈಲರ್ (ಒಂದೊಂದು ಫ್ರೇಮ್‌ಗೆ ಎಷ್ಟು ಹೊತ್ತು ಹಿಡಿಯಿತೆಂದು ತೋರಿಸುವ ಸಾಧನ) ತೆರೆದು ಅತಿ ನಿಧಾನದ ಫ್ರೇಮ್‌ಗಳನ್ನೇ ಹುಡುಕಿ. ಸಾಮಾನ್ಯವಾಗಿ ಎರಡು ಕಾರಣ ಸಿಗುತ್ತವೆ. ಒಂದು, ಹೊಸ ಪರಿಣಾಮ (ಸ್ಫೋಟ, ನೀರು, ಹೊಗೆ) ಮೊದಲ ಸಲ ಕಾಣಿಸಿದಾಗ ಅದರ ಶೇಡರ್ (ಬೆಳಕು, ಬಣ್ಣ ಹೇಗೆ ಕಾಣಬೇಕೆಂದು ಹೇಳುವ ಕೋಡ್) ಆ ಗಳಿಗೆಯಲ್ಲೇ ತಯಾರಾಗುವುದು. ಲೋಡಿಂಗ್ ಪರದೆಯಲ್ಲೇ ಶೇಡರ್ ವಾರ್ಮಪ್ ಮಾಡಿ, ಅಂದರೆ ಅವನ್ನು ಮುಂಚೆಯೇ ತಯಾರಿಸಿಡಿ. ಇನ್ನೊಂದು, ಕೋಡ್ ಪ್ರತಿ ಫ್ರೇಮ್‌ನಲ್ಲೂ ಹೊಸ ಸ್ಟ್ರಿಂಗ್ (ಅಕ್ಷರಗಳ ಸಾಲು), ಹೊಸ ಲಿಸ್ಟ್ ಮಾಡುತ್ತಾ ಹೋಗಿ ಮೆಮೊರಿ ಕಸ ತೆಗೆಯಲು ಗೇಮ್ ನಿಲ್ಲುವುದು. ಪರೀಕ್ಷೆಯನ್ನು 8 ಜಿಬಿ ರ್‍ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಮಾಡಿ. ಅದರಲ್ಲಿ ಓಡದಿದ್ದರೆ ಸ್ಟೋರ್ ಪುಟದ ಕನಿಷ್ಠ ಅಗತ್ಯದಲ್ಲಿ ಅದನ್ನು ಬರೆಯಿರಿ. ಓಡುವುದಿಲ್ಲ ಎಂದು ಮುಂಚೆ ಹೇಳಿದ್ದಕ್ಕೆ ಯಾರೂ ಅಷ್ಟಾಗಿ ಬೈಯುವುದಿಲ್ಲ.

"ಕೊಂಡ್ಕೊಂಡಿರೋ ಮಾಡೆಲ್"

ಅಂಗಡಿಯಿಂದ ಮಾಡೆಲ್ (ಗೇಮ್‌ನೊಳಗಿನ ವಸ್ತುಗಳ ಸಿದ್ಧ 3ಡಿ ಆಕಾರ) ಕೊಳ್ಳುವುದು ತಪ್ಪೇನಲ್ಲ, ದೊಡ್ಡ ಕಂಪನಿಗಳೂ ಕೊಳ್ಳುತ್ತವೆ. ಜನ ಗುರುತಿಸುವುದು ಪದೇ ಪದೇ ಕಣ್ಣಿಗೆ ಬೀಳುವ ವಸ್ತುವನ್ನು. ಎಲ್ಲವನ್ನೂ ಬದಲಿಸಲು ಸಮಯವಿಲ್ಲ. ಆಟಗಾರನ ಕೈ, ಲಾಂದ್ರ, ಗಣಿಗೆ ಇಳಿಸುವ ಪಂಜರದ ಲಿಫ್ಟು: ಈ ಮೂರನ್ನು ನೀವೇ ಮಾಡಿ. ಉಳಿದವಕ್ಕೆ ಒಂದೇ ಬಣ್ಣದ ಹದ, ಒಂದೇ ಬಗೆಯ ಕೊಳೆ, ತುಕ್ಕು ಕೊಟ್ಟರೆ ಜೋಡಿಸಿದ ಹಾಗೆ ಕಾಣುವುದಿಲ್ಲ. ಎಐ ಬಳಸಿ ಚಿತ್ರ ಅಥವಾ ಧ್ವನಿ ಮಾಡಿದ್ದರೆ ಸ್ಟೀಮ್‌ನ ಅರ್ಜಿಯಲ್ಲಿ ಅದನ್ನು ತಿಳಿಸಲೇಬೇಕು (2024ರ ಜನವರಿಯಿಂದ ಈ ನಿಯಮವಿದೆ), ಪುಟದಲ್ಲೂ ಕಾಣುತ್ತದೆ. ಮುಚ್ಚಿಟ್ಟು ಆಮೇಲೆ ಸಿಕ್ಕಿಬೀಳುವ ಟೀಕೆಗೆ ಯಾವ ಉತ್ತರವೂ ಕೆಲಸ ಮಾಡದು.

"ಅಕ್ಷರವೇ ಒಡೆದಿದೆ"

ಇದನ್ನು ನೀವು ಚಿಕ್ಕದೆಂದು ಕೆಳಗೆ ಹಾಕಿರಬಹುದು. ನನ್ನ ಪ್ರಕಾರ ಐದರಲ್ಲಿ ಇದು ಮೊದಲು ಸರಿಯಾಗಬೇಕು. ಕನ್ನಡದ ಗೇಮ್ ಎಂದು ಹೇಳಿಕೊಂಡು ಕನ್ನಡವನ್ನೇ ಒಡೆದು ತೋರಿಸಿದರೆ ನಿಮ್ಮ ಪರ ನಿಲ್ಲಬೇಕಾದವರೇ ಮೊದಲು ದೂರ ಹೋಗುತ್ತಾರೆ.

ಕಾರಣ ನಿಮ್ಮ ಟೈಪಿಂಗ್ ಅಲ್ಲ. ಕನ್ನಡದಲ್ಲಿ "ಕ" ಮತ್ತು ಇಕಾರ ಸೇರಿ "ಕಿ" ಆಗುವುದು, ಒತ್ತಕ್ಷರ ಕೆಳಗೆ ಇಳಿಯುವುದು, ಅರ್ಕಾವತ್ತು ಪಕ್ಕಕ್ಕೆ ಬರುವುದು, ಇದೆಲ್ಲ ಫಾಂಟ್‌ನೊಳಗಿನ ನಿಯಮ ಓದಿ ಅಕ್ಷರ ಜೋಡಿಸುವ ತಂತ್ರಾಂಶದಿಂದ ಆಗುತ್ತದೆ. ಯೂನಿಟಿಯಲ್ಲಿ ಬರಹ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ಆ ನಿಯಮಗಳನ್ನು ಪೂರ್ತಿ ಓದುವುದಿಲ್ಲ, ಒಂದೊಂದು ಸಂಕೇತಕ್ಕೆ ಒಂದೊಂದು ಚಿತ್ರ ಇಡುತ್ತಾ ಹೋಗುತ್ತದೆ. ಹಾಗಾಗಿ "ಕರ್ನಾಟಕ"ದ ಅರ್ಕಾವತ್ತು ಮುರಿದು, "ಸ್ತ್ರೀ" ಮೂರು ತುಂಡಾಗಿ ಕಾಣುತ್ತದೆ. ಫಾಂಟ್ ಬದಲಿಸಿದರೆ ಇದು ಹೋಗುವುದಿಲ್ಲ. ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ಲೈಬ್ರರಿ ಬಳಸುವ ಪ್ಲಗಿನ್ ಸೇರಿಸಬೇಕು. ಗೊಡೊ 4, ಅನ್‌ರಿಯಲ್ ಎಂಬ ಬೇರೆ ಎಂಜಿನ್‌ಗಳಲ್ಲಿ ಅದು ಒಳಗೇ ಇದೆ. ಆದರೆ ಎಂಟು ವಾರ ಇರುವಾಗ ಎಂಜಿನ್ ಬದಲಿಸುವ ಮಾತೇ ಬೇಡ. ಮಾತು ಕಡಿಮೆಯಿದ್ದರೆ ಪ್ರತಿ ಸಾಲನ್ನೂ ಹೊರಗೆ ಸರಿಯಾಗಿ ಬರೆದು ಚಿತ್ರವಾಗಿ ತಂದು ಕೂರಿಸುವುದೂ ಒಂದು ದಾರಿ. ತಿದ್ದುಪಡಿ ಕಷ್ಟ, ಅಕ್ಷರ ಮಾತ್ರ ಸರಿಯಿರುತ್ತದೆ. ನೋಟೊ ಸಾನ್ಸ್ ಕನ್ನಡ ಉಚಿತ ಫಾಂಟು, ಗೇಮ್ ಜೊತೆ ಹಂಚಲು ಪರವಾನಗಿ ಇದೆ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಇಟ್ಟಿದ್ದಕ್ಕಿಂತ ಹೆಚ್ಚಿಸಿ, ಇಲ್ಲದಿದ್ದರೆ ಒತ್ತಕ್ಷರದ ತಳ ಕತ್ತರಿಸಿ ಹೋಗುತ್ತದೆ. ಇದು ಸರಿಯಾದ ದಿನ ಹಳೆಯ ಮತ್ತು ಹೊಸ ಚಿತ್ರ ಅಕ್ಕಪಕ್ಕ ಇಟ್ಟು ಹಾಕಿ. ಅದರ ಜೊತೆಗೆ ಬೇರೆ ವಿವರಣೆ ಬರೆಯುವ ಅಗತ್ಯ ಬರುವುದಿಲ್ಲ.

"ಗಣೀಲಿ ಯಾರೂ ಹೀಗೆ ಮಾತಾಡ್ತಿರಲಿಲ್ಲ"

ಐದರಲ್ಲಿ ಹೆಚ್ಚು ಗೌರವ ಬೇಡುವ ಟೀಕೆ ಇದು. "ಇದು ಕಾಲ್ಪನಿಕ ಕಥೆ" ಎಂದು ಉತ್ತರಿಸುವ ಆಸೆ ಬರುತ್ತದೆ, ದಯವಿಟ್ಟು ಹಾಗೆ ಹೇಳಬೇಡಿ. ಗಣಿ ಮುಚ್ಚಿದ್ದು 2001ರಲ್ಲಿ. ಕೆಳಗಿಳಿದು ದುಡಿದವರು, ಅವರ ಮಕ್ಕಳು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್ಸ್ ಕಡೆ ಈಗಲೂ ಇದ್ದಾರೆ. ಅಲ್ಲಿ ಬಂಡೆ ಸಿಡಿದು ಸತ್ತವರ, ಸಿಲಿಕಾ ದೂಳಿನಿಂದ ಶ್ವಾಸಕೋಶ ಕೆಟ್ಟವರ ಮನೆಗಳಿವೆ. ಗಣಿ ಕಾರ್ಮಿಕರಲ್ಲಿ ಬಹುಪಾಲು ತಮಿಳು ಮಾತಾಡುವವರು, ಜೊತೆಗೆ ತೆಲುಗಿನವರು, ಕನ್ನಡದವರು. ನಿಮ್ಮ ಪಾತ್ರಗಳೆಲ್ಲ ಮೈಸೂರಿನ ಪುಸ್ತಕದ ಕನ್ನಡ ಆಡಿದರೆ ಅವರಿಗೆ ತಮ್ಮವರನ್ನು ಅಳಿಸಿಹಾಕಿದ ಹಾಗೆ ಅನ್ನಿಸುವುದು ಸಹಜ.

ಕೆಳಗೆ ಕೆಲಸ ಮಾಡಿದ ಮೂರು ನಾಲ್ಕು ಹಿರಿಯರನ್ನು ಹುಡುಕಿ, ಮನೆಗೆ ಹೋಗಿ ಕೇಳಿ. ಸ್ಕ್ರಿಪ್ಟ್ ಓದಿಸಬೇಡಿ, ಲ್ಯಾಪ್‌ಟಾಪಿನಲ್ಲಿ ಗೇಮನ್ನೇ ತೋರಿಸಿ. ಅವರ ಸಮಯಕ್ಕೆ ಹಣ ಕೊಡಿ, ಮೊತ್ತ ಮುಂಚೆಯೇ ಮಾತಾಡಿ. ಪಂಜರದಲ್ಲಿ ಹೇಗೆ ನಿಲ್ಲುತ್ತಿದ್ದರು, ಮರದ ಆಸರೆ ಹೇಗೆ ಕೊಡುತ್ತಿದ್ದರು, ಬಂಡೆಯ ಕಾವಿನಲ್ಲಿ ಏನು ತೊಟ್ಟಿರುತ್ತಿದ್ದರು, ಮೇಸ್ತ್ರಿಯನ್ನು ಏನೆಂದು ಕರೆಯುತ್ತಿದ್ದರು, ಅಪಾಯಕ್ಕೆ ಯಾವ ಮಾತು ಕೂಗುತ್ತಿದ್ದರು ಎಂದು ಕೇಳಿ. ಸುಮಾರು ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ ಅದು. ಸೆಖೆ, ಕಿವಿಯ ಒತ್ತಡ, ಬಂಡೆ ಸದ್ದು ಮಾಡುವುದು ಇವೆಲ್ಲ ಗೇಮ್‌ಗೆ ಬೇಕಾದ ಸರಕೇ. ಹೆಸರು ಹಾಕಲು ಒಪ್ಪಿದರೆ ಗೇಮ್‌ನ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ ಹಾಕಿ, ಒಪ್ಪದಿದ್ದರೆ ಬೇಡ.

ಎಂಟು ವಾರದಲ್ಲಿ ಎಲ್ಲ ಧ್ವನಿಯನ್ನೂ ಮತ್ತೆ ದಾಖಲಿಸಲು ಆಗದು. ಮೊದಲ ಎರಡು ಗಂಟೆಯ ಆಟದಲ್ಲಿ ಬರುವ ಕೂಗು, ಕರೆ, ಬೈಗುಳ, ಹಾಡಿನ ತುಣುಕುಗಳನ್ನು ತಮಿಳು, ತೆಲುಗಿನಲ್ಲಿ ತನ್ನಿ, ಕೆಳಗೆ ಕನ್ನಡ ಬರಹ ಕೊಡಿ. ಉಳಿದದ್ದನ್ನು ಯಾವಾಗ ಎಂಬುದು ನಿಮಗೇ ಖಚಿತವಾಗುವ ತನಕ ಹೇಳಬೇಡಿ. ಸ್ಟೀಮ್ ಪುಟದಲ್ಲಿ ಭಾಷೆಯ ಮುಂದೆ ಪರದೆಯ ಬರಹ, ಪೂರ್ಣ ಧ್ವನಿ, ಉಪಶೀರ್ಷಿಕೆ ಎಂದು ಮೂರು ಬೇರೆ ಗುರುತುಗಳಿವೆ. ಅರ್ಧ ಧ್ವನಿ ಮಾತ್ರ ಇದ್ದರೆ "ಪೂರ್ಣ ಧ್ವನಿ"ಗೆ ಗುರುತು ಹಾಕಕೂಡದು.

ಕೊಟ್ಟ ಮಾತನ್ನು ಸರಿಪಡಿಸುವುದು

ಸ್ಟೋರ್ ಪುಟವನ್ನು ಒಂದೊಂದೇ ವಾಕ್ಯವಾಗಿ ಓದಿ. ಪ್ರತಿ ವಾಕ್ಯದ ಮುಂದೆ "ಇವತ್ತಿನ ಬಿಲ್ಡ್‌ನಲ್ಲಿ ಇದೆ" ಅಥವಾ "ಇಲ್ಲ" ಎಂದು ಬರೆಯಿರಿ (ಬಿಲ್ಡ್ ಎಂದರೆ ಆ ಹೊತ್ತಿಗೆ ಸಿದ್ಧವಿರುವ ಗೇಮ್‌ನ ಪ್ರತಿ). ಇಲ್ಲದ್ದನ್ನು ಆ ದಿನವೇ ತೆಗೆಯಿರಿ. ಟ್ರೇಲರ್‌ನ ಪ್ರತಿ ದೃಶ್ಯಕ್ಕೂ ಇದೇ ಪರೀಕ್ಷೆ. ಕೋಲಾರದ ಎಪಿಎಂಸಿಯಲ್ಲಿ ಟೊಮೇಟೊ ಬಾಕ್ಸಿನ ಮೇಲಿನ ಸಾಲು ಚೆನ್ನಾಗಿದ್ದು ಅಡಿಯಲ್ಲಿ ಬೇರೆ ಮಾಲು ಇದ್ದರೆ ಮುಂದಿನ ಸಲ ಆ ರೈತನ ಲಾಟಿಗೆ ಹರಾಜು ಏರುವುದಿಲ್ಲ. ಟ್ರೇಲರ್‌ಗೂ ಅದೇ ಲೆಕ್ಕ.

2013ರ ಏಲಿಯನ್ಸ್: ಕಲೋನಿಯಲ್ ಮರೀನ್ಸ್ ಗೇಮ್‌ನ ಪ್ರಚಾರದ ವಿಡಿಯೊಗಳಿಗೂ ಬಿಡುಗಡೆಯಾದ ಗೇಮ್‌ಗೂ ಹೊಂದಿಕೆಯಿಲ್ಲ ಎಂದು ಬ್ರಿಟನ್ನಿನ ಜಾಹೀರಾತು ಮಾನದಂಡ ಸಂಸ್ಥೆಗೆ ದೂರು ಹೋಗಿತ್ತು. ಗೇಮ್ ಹೊರತಂದ ಸೆಗಾ ಕಂಪನಿ ಅದನ್ನು ಒಪ್ಪಿ ವಿಡಿಯೊಗಳಿಗೆ ಸೂಚನೆ ಸೇರಿಸಬೇಕಾಯಿತು. 2016ರಲ್ಲಿ ನೋ ಮ್ಯಾನ್ಸ್ ಸ್ಕೈ ಗೇಮ್ ಬಿಡುಗಡೆಯಾದಾಗ, ಸಂದರ್ಶನಗಳಲ್ಲಿ ಹೇಳಿದ್ದ ಜೊತೆಯಾಟ (ಹಲವರು ಸೇರಿ ಆಡುವುದು) ಅದರಲ್ಲಿ ಇಲ್ಲ ಎಂಬುದೇ ದೊಡ್ಡ ಆಕ್ರೋಶವಾಯಿತು. ತಂಡ ಮಾತು ನಿಲ್ಲಿಸಿ ಕೆಲಸ ಮಾಡಿತು, ಪೂರ್ಣ ಜೊತೆಯಾಟ ಬಂದದ್ದು 2018ರ ಜುಲೈಯಲ್ಲಿ. ಅಷ್ಟು ಕಾಲ ತಡೆದುಕೊಳ್ಳುವ ಹಣ ನಿಮ್ಮಲ್ಲಿಲ್ಲ. ನಮ್ಮ ದೇಶದಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ.

ಹೊಸ ಟ್ರೇಲರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಆಡುವಾಗ ಕಾಣುವಂಥದೇ ದೃಶ್ಯವಿರಲಿ. ಡೆಮೊವನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಬದಲಿಸಿದಾಗ ಮುಖಪರದೆಯಲ್ಲೇ ಹೊಸ ಸಂಖ್ಯೆ ಮತ್ತು ದಿನಾಂಕ ಹಾಕಿ. ಇಲ್ಲದಿದ್ದರೆ ಹಳೆಯ ಡೆಮೊ ಆಡಿದವರ ದೂರು ತಿಂಗಳುಗಟ್ಟಲೆ ಹೊಸದರ ಮೇಲೆ ಬೀಳುತ್ತದೆ. ಬರಲಿರುವ ಗೇಮ್‌ಗಳ ಡೆಮೊ ತೋರಿಸುವ ಸ್ಟೀಮ್ ನೆಕ್ಸ್ಟ್ ಫೆಸ್ಟ್‌ನಲ್ಲಿ ಒಂದು ಗೇಮ್ ಒಂದೇ ಸಲ ಪಾಲ್ಗೊಳ್ಳಬಹುದು. ಈಗಿನ ಡೆಮೊ ಇಟ್ಟುಕೊಂಡು ಆ ಅವಕಾಶ ಖರ್ಚು ಮಾಡಬೇಡಿ.

ಯೂಟ್ಯೂಬರ್ ವಿಡಿಯೊ

ನಿಮ್ಮ ದೃಶ್ಯ ಬಳಸಿದ್ದಾರೆ ಎಂದು ಕಾಪಿರೈಟ್ ದೂರು ಹಾಕಲು ಯಾರಾದರೂ ಸಲಹೆ ಕೊಟ್ಟಾರು. ಹಾಕಬೇಡಿ. ಅಂಥ ದೂರಿನಿಂದ 90 ದಿನದಲ್ಲಿ ಮೂರು ಸ್ಟ್ರೈಕ್ (ಯೂಟ್ಯೂಬ್ ಹಾಕುವ ತಪ್ಪಿನ ಗುರುತು) ಬಿದ್ದರೆ ಚಾನೆಲ್ಲೇ ಹೋಗಬಹುದು. ಹಾಗಾಗಿ ಟೀಕೆಗೆ ಸ್ಟ್ರೈಕ್ ಹಾಕುವುದನ್ನು ಇತರ ಯೂಟ್ಯೂಬರುಗಳೂ ತಮ್ಮ ಮೇಲಿನ ದಾಳಿ ಎಂದೇ ನೋಡುತ್ತಾರೆ. ಆ ವಿಡಿಯೊದ ಕೆಳಗೆ ಒಂದೇ ಒಂದು ಕಾಮೆಂಟ್ ಹಾಕಿ: ಅವರು ಹೇಳಿದ್ದರಲ್ಲಿ ಯಾವುದು ಸರಿ, ಯಾವುದು ಈಗಾಗಲೇ ಸರಿಯಾಗಿದೆ, ವಾಸ್ತವದಲ್ಲಿ ತಪ್ಪಿದ್ದರೆ ಯಾವುದು ತಪ್ಪು. ಹೊಸ ಬಿಲ್ಡ್ ಸಿದ್ಧವಾದಾಗ ಷರತ್ತಿಲ್ಲದೆ ಅವರಿಗೆ ಕೀ (ಸ್ಟೀಮ್‌ನಲ್ಲಿ ಗೇಮ್ ಕೊಳ್ಳದೆ ಪಡೆಯುವ ಸಂಕೇತ) ಕಳಿಸಿ. "ಹಾಕುವ ಮುಂಚೆ ನಮಗೆ ತೋರಿಸಿ" ಎನ್ನಬೇಡಿ. ದುಡ್ಡು ಕೊಟ್ಟು ಹೊಗಳಿಸುವುದಾದರೆ ಅದು ಜಾಹೀರಾತು ಎಂದು ವಿಡಿಯೊದಲ್ಲೇ ಹೇಳಿಸಬೇಕು, ನಿಯಮ ಹಾಗಿದೆ. ಕಾಲೇಜು ಗೆಳೆಯರಿಂದ ಹೊಗಳಿಕೆಯ ಕಾಮೆಂಟ್ ಹಾಕಿಸುವುದೂ ಬೇಡ. ಒಂದೇ ದಿನ, ಒಂದೇ ಧಾಟಿ, ಒಂದೇ ಊರು ಎಂದು ಯಾರೋ ಕಂಡುಹಿಡಿಯುತ್ತಾರೆ. ಬಿಡುಗಡೆಯಾದ ಮೇಲೆ ಕೀ ಮೂಲಕ ಪಡೆದವರ ವಿಮರ್ಶೆ ಸ್ಟೀಮ್‌ನ ಅಂಕಕ್ಕೆ ಸೇರುವುದೂ ಇಲ್ಲ.

ಉತ್ತರ ಬರೆಯುವ ಬಗೆ

ಒಬ್ಬೊಬ್ಬರಿಗೂ ಬರೆಯುವ ಬದಲು ಎರಡು ವಾರಕ್ಕೊಮ್ಮೆ ಒಂದು ಪ್ರಕಟಣೆ ಹಾಕಿ, ಟ್ರೇಲರ್ ಕೆಳಗೆ ಅದನ್ನೇ ಪಿನ್ ಮಾಡಿ. ಏನು ಕೇಳಿಬಂತು, ಏನು ಮಾಡಿದ್ದೇವೆ, ಏನು ಮಾಡುವುದಿಲ್ಲ. ಮೂರನೆಯದನ್ನು ಬರೆಯಲು ಹೆಚ್ಚಿನವರು ಹಿಂಜರಿಯುತ್ತಾರೆ, ಆದರೆ ಗೊಂದಲ ನಿಲ್ಲುವುದೇ ಅದರಿಂದ. "ಬಂದೂಕು ಬೇಕು ಎಂದು ಹಲವರು ಕೇಳಿದ್ದೀರಿ. ಈ ಗೇಮ್‌ನಲ್ಲಿ ಬಂದೂಕು ಇರುವುದಿಲ್ಲ" ಎಂದು ಬರೆದರೆ ಅದನ್ನು ಬಯಸುವವರು ಕೊಳ್ಳದೆ ಹೋಗುತ್ತಾರೆ, ಕೊಂಡು ಬೈಯುವುದಿಲ್ಲ. "ಶೀಘ್ರದಲ್ಲೇ", "ಕೆಲಸ ನಡೆಯುತ್ತಿದೆ", "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂಬ ಮಾತುಗಳನ್ನು ತೆಗೆದುಹಾಕಿ. ಮುಗಿದ ಕೆಲಸ ಮಾತ್ರ ಹೇಳಿ, ತೋರಿಸುವ ಚಿತ್ರದೊಂದಿಗೆ ಹೇಳಿ.

2017ರ ನವೆಂಬರಿನಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಗೇಮ್‌ನ ಬಿಡುಗಡೆಗೆ ಕೆಲವೇ ದಿನ ಇತ್ತು. ದೊಡ್ಡ ಪಾತ್ರಗಳನ್ನು ತೆರೆಯಲು ಅಷ್ಟು ಹೊತ್ತು ಆಡಬೇಕೇಕೆ ಎಂಬ ದೂರಿಗೆ ಗೇಮ್ ಹೊರತಂದ ಇಎ ಕಂಪನಿ, ಸಾಧಿಸಿದ ಹೆಮ್ಮೆ ಸಿಗಲಿ ಎಂದೇ ಹಾಗಿಟ್ಟದ್ದು ಎಂಬ ಧಾಟಿಯ ಉತ್ತರ ಕೊಟ್ಟಿತು. ರೆಡ್ಡಿಟ್ ಚರ್ಚಾತಾಣದಲ್ಲಿ ಆ ಉತ್ತರಕ್ಕೆ ಆರು ಲಕ್ಷಕ್ಕೂ ಹೆಚ್ಚು ಇಳಿಮತ (ಡೌನ್‌ವೋಟ್) ಬಿದ್ದವು. ಆ ಪಾತ್ರಗಳನ್ನು ತೆರೆಯಲು ಗೇಮ್‌ನೊಳಗೆ ತೆರಬೇಕಿದ್ದ ಬೆಲೆಯನ್ನು ಶೇ 75ರಷ್ಟು ಇಳಿಸಿದರೂ ಸಿಟ್ಟು ಇಳಿಯಲಿಲ್ಲ. ಬಿಡುಗಡೆಯ ಮುನ್ನಾದಿನ ಗೇಮ್‌ನೊಳಗಿನ ಹಣದ ಖರೀದಿಯನ್ನೇ ನಿಲ್ಲಿಸಬೇಕಾಯಿತು. ಜನ ಕೇಳಿದ್ದು ಹಣದ ವ್ಯವಸ್ಥೆಯ ಬಗ್ಗೆ, ಕಂಪನಿ ಉತ್ತರಿಸಿದ್ದು ಭಾವನೆಯ ಬಗ್ಗೆ. ನೀವು ಉತ್ತರ ಬರೆದ ಮೇಲೆ ಕೇಳಿದ ಪ್ರಶ್ನೆಯ ಪಕ್ಕ ಇಟ್ಟು ಓದಿ, ಅದಕ್ಕೇ ಉತ್ತರವೇ ಎಂದು ನೋಡಿ.

ಮುಂದೂಡಬೇಕೆ?

ಆಟ ಮಧ್ಯದಲ್ಲಿ ಮುಚ್ಚಿಹೋಗುವುದು, ಉಳಿಸಿದ ಆಟ ಅಳಿಸಿಹೋಗುವುದು, ಮುಂದೆ ಹೋಗಲಾಗದೆ ಸಿಕ್ಕಿಕೊಳ್ಳುವುದು: ಈ ಮೂರರಲ್ಲಿ ಯಾವುದಾದರೂ ಒಂದು ಐದನೇ ವಾರದ ಕೊನೆಗೂ ಪಟ್ಟಿಯಲ್ಲಿದ್ದರೆ ಮುಂದೂಡಿ. ಒಡೆದ ಅಕ್ಷರವನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಮಾಡೆಲ್ ಚೆನ್ನಾಗಿಲ್ಲ, ಕಥೆ ನಿಧಾನ ಎಂಬ ಕಾರಣಕ್ಕೆ ಮುಂದೂಡಬೇಡಿ. ಹ್ಯಾಲೊ ಇನ್ಫಿನಿಟ್ ಎಂಬ ಗೇಮ್ 2020ರ ಜುಲೈಯಲ್ಲಿ ತೋರಿಸಿದ ದೃಶ್ಯಗಳಿಗೆ ಟೀಕೆ ಬಂದ ಮೇಲೆ ಆಗಸ್ಟ್‌ನಲ್ಲಿ ಮುಂದೂಡಿ, 2021ರ ಡಿಸೆಂಬರ್ 8ಕ್ಕೆ ಬಿಡುಗಡೆಯಾಯಿತು. ಅದರ ಹಿಂದೆ ಮೈಕ್ರೋಸಾಫ್ಟ್ ಇತ್ತು. ನಿಮ್ಮ ನಾಲ್ವರ ಮನೆ ಖರ್ಚು ಎಷ್ಟು ತಿಂಗಳು ನಡೆಯುತ್ತದೆ ಎಂಬ ಲೆಕ್ಕ ಮೊದಲು ಹಾಕಿ. ಮುಂದೂಡಿದರೆ ಒಂದೇ ಸಲ, ಕಾರಣ ಹೇಳಿ, ಪಟ್ಟಿ ಖಾಲಿಯಾಗುವ ದಿನಕ್ಕೆ ಕನಿಷ್ಠ ಎರಡು ವಾರ ಸೇರಿಸಿ ಹೊಸ ದಿನ ಕೊಡಿ.

ಮುಂದೂಡದಿದ್ದರೆ ಹೀಗೆ ಹಂಚಿಕೊಳ್ಳಿ. ಮೊದಲ ಎರಡು ವಾರ ಸ್ಟೋರ್ ಪುಟ, ಟ್ರೇಲರ್, ಅಕ್ಷರ, ಫ್ರೇಮ್. ಮೂರರಿಂದ ಐದು ಗಣಿಯ ಮಾತು ಮತ್ತು ಆ ಮೂರು ಮಾಡೆಲ್. ಆರನೇ ವಾರದ ಮೊದಲಲ್ಲೇ ಬಿಲ್ಡ್ ಅನ್ನು ಸ್ಟೀಮ್ ಪರಿಶೀಲನೆಗೆ ಕಳಿಸಿ. ಪರಿಶೀಲನೆಗೆ ಮೂರರಿಂದ ಐದು ಕೆಲಸದ ದಿನ ಹಿಡಿಯುತ್ತದೆ, ತಿರಸ್ಕಾರವಾದರೆ ಮತ್ತೆ ಅಷ್ಟೇ. ಏಳನೇ ವಾರದಿಂದ ಹೊಸದೇನೂ ಸೇರಿಸುವಂತಿಲ್ಲ, ಬಗ್ (ದೋಷ) ತೆಗೆಯುವುದು ಮಾತ್ರ. ಖರೀದಿಸಿ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ವಾಪಸು ಕೊಡುತ್ತದೆ. ಆದ್ದರಿಂದ ಕೊನೆಯ ವಾರಗಳ ಪರೀಕ್ಷೆಯೆಲ್ಲ ಆ ಮೊದಲ ಎರಡು ಗಂಟೆಯ ಮೇಲೇ ಇರಲಿ. ಬಿಡುಗಡೆ ವಾರದ ಮೊದಲ ದಿನಗಳಲ್ಲಿರಲಿ. ಶುಕ್ರವಾರ ಬೇಡ, ಹಬ್ಬದ ಹಿಂದಿನ ದಿನವೂ ಬೇಡ. ಮರುದಿನ ತುರ್ತು ತಿದ್ದುಪಡಿ ಹಾಕಲು ನಾಲ್ವರೂ ಕೂತಿರಬೇಕು. ಬಿಡುಗಡೆಯ ದಿನ ಬೆಳಿಗ್ಗೆಯೇ ಸ್ಟೀಮ್ ಚರ್ಚೆಯ ಮೇಲ್ಭಾಗದಲ್ಲಿ "ನಮಗೆ ಗೊತ್ತಿರುವ ತೊಂದರೆಗಳು" ಎಂಬ ಪಟ್ಟಿ ನೀವೇ ಹಾಕಿರಿ, ಪ್ರತಿಯೊಂದರ ಮುಂದೆ ಸದ್ಯಕ್ಕೆ ದಾಟುವ ದಾರಿಯನ್ನೂ ಬರೆದಿರಿ. ಸ್ಟೀಮ್‌ನಲ್ಲಿ ಹತ್ತು ವಿಮರ್ಶೆ ಬಂದ ಮೇಲೆ ಅಂಕ ಕಾಣಿಸಿಕೊಳ್ಳುತ್ತದೆ. ಆ ಮೊದಲ ಹತ್ತು ಜನ ಹೇಳುವ ತೊಂದರೆ ಆ ಪಟ್ಟಿಯಲ್ಲಿ ಮೊದಲೇ ಇರುವಂತೆ ನೋಡಿಕೊಳ್ಳಿ.